ಬೀದಿಯ ಬೋರ್ಡಿಗೆ ಮಸಿ ಬಳಿದ ಕೈಗಳೇ, ನಿಮ್ಮ ಶೆಡ್ಡಿನ ಸ್ವಿಚ್ ಬೋರ್ಡ್ ನೋಡಿದ್ದೀರಾ?



ಒಂದು ಪ್ರಶ್ನೆ ಕೇಳುತ್ತೇನೆ. ಸಿಟ್ಟಾಗುವುದಿದ್ದರೆ ಉತ್ತರ ಹೇಳಿದ ಮೇಲೆ ಆಗಿ.

ನೀವು ದಿನಕ್ಕೆ ಎಂಟು ಗಂಟೆ, ಹತ್ತು ಗಂಟೆ ದುಡಿಯುವ ಜಾಗದಲ್ಲಿ ಮೇನ್ ಸ್ವಿಚ್ ಎಲ್ಲಿದೆ? ನಿಮ್ಮ ಪಕ್ಕದಲ್ಲಿ ನಿಂತವನನ್ನು ಈ ಕ್ಷಣ ಕರೆಂಟ್ ಹಿಡಿದುಕೊಂಡರೆ ಯಾವ ಸ್ವಿಚ್ ಎಳೆಯಬೇಕು? ಅದರ ಮೇಲೆ ಏನು ಬರೆದಿದೆ? ಯಾವ ಭಾಷೆಯಲ್ಲಿ ಬರೆದಿದೆ?

ಗೊತ್ತಿಲ್ಲ, ಅಲ್ಲವೇ? ನನಗೂ ಗೊತ್ತಿರಲಿಲ್ಲ. ಗೊತ್ತಾದ ದಿನ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ನನ್ನ ಮೆಷಿನ್ನಿಗೆ ಅಂಟಿಕೊಂಡು ನಡುಗುತ್ತಿದ್ದ. ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮ ಹೋರಾಟದ ಲೆಕ್ಕವನ್ನು ಸ್ವಲ್ಪ ನೋಡೋಣ.

2023ರ ಡಿಸೆಂಬರ್ 27 ನಿಮಗೆ ನೆನಪಿದೆ. ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಉರುಳಿದವು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಿ, ಲಾಠಿ ತಿಂದಿರಿ, ವ್ಯಾನು ಹತ್ತಿದಿರಿ. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದಾಯಿತು. ಗೆದ್ದೆವು! ಆ ದಿನಗಳಲ್ಲಿ ನನ್ನ ಪ್ರೆಸ್ಸಿನಲ್ಲಿ ಬೇರೆ ಕೆಲಸವೇ ಇರಲಿಲ್ಲ. ಹತ್ತು ವರ್ಷದಿಂದ ಕನ್ನಡದ ಒಂದು ಅಕ್ಷರ ಬರೆಸದಿದ್ದ ಅಂಗಡಿಯವರೆಲ್ಲ ಓಡೋಡಿ ಬಂದು, "ಸಾರ್, ನಾಳೆ ಬೆಳಿಗ್ಗೆಗೆ ಬೇಕು" ಎಂದು ಕೈ ಮುಗಿದರು. ನನಗೂ ಖುಷಿ. ಹೊಟ್ಟೆಗೂ ಆಯಿತು, ಭಾಷೆಗೂ ಆಯಿತು.

ಆದರೆ ಇಡೀ ಕರ್ನಾಟಕದಲ್ಲಿ ಕನ್ನಡದಲ್ಲಿರಲೇಬೇಕಾದ ಇನ್ನೊಂದು ಬೋರ್ಡಿದೆ. ಅದಕ್ಕೆ ಯಾವ ಹೊಸ ಕಾನೂನೂ ಬೇಕಿರಲಿಲ್ಲ. 1956ರಲ್ಲೇ ಕಾನೂನಾಗಿದೆ. ಹೌದು, ಕನ್ನಡ ನಾಡು ಒಂದಾದ ವರ್ಷವೇ! 1956ರ ಭಾರತೀಯ ವಿದ್ಯುತ್ ನಿಯಮಗಳ 35ನೇ ನಿಯಮ ಏನು ಹೇಳಿತ್ತು ಗೊತ್ತೇ? ಮೋಟಾರು, ಜನರೇಟರು, ಟ್ರಾನ್ಸ್‌ಫಾರ್ಮರು ಮುಂತಾದವುಗಳ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ತಲೆಬುರುಡೆ ಮತ್ತು ಮೂಳೆಯ ಗುರುತಿನ ಅಪಾಯದ ಫಲಕವನ್ನು ಮಾಲೀಕ ಶಾಶ್ವತವಾಗಿ ಹಾಕಬೇಕು. ಅದು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು, ಜೊತೆಗೆ ಆ ಜಿಲ್ಲೆಯ ಸ್ಥಳೀಯ ಭಾಷೆಯಲ್ಲೂ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊಸ ನಿಯಮ ತಂದಾಗ 250 ವೋಲ್ಟ್ ಮೀರಿದ ಎಲ್ಲಕ್ಕೂ ಇದೇ ಮಾತನ್ನು ಮತ್ತೆ ಬರೆಯಿತು. ಮೂರು ಫೇಸಿನ ಸಾಮಾನು ಅಂದರೆ 415 ವೋಲ್ಟ್. ಅಂದ ಮೇಲೆ ಪೀಣ್ಯದ ಪ್ರತಿ ಲೇತು, ಪ್ರತಿ ಕಂಪ್ರೆಸರ್, ನಮ್ಮ ಚಿಕ್ಕಬಾಣಾವರದ ಪ್ರತಿ ಹಿಟ್ಟಿನ ಗಿರಣಿ, ನನ್ನ ಪ್ರೆಸ್ಸಿನ ಪ್ರತಿ ಮೆಷಿನ್ನು ಇದರೊಳಗೇ ಬಂತು.

ಜಿಲ್ಲೆಯ ಸ್ಥಳೀಯ ಭಾಷೆ! ಬೆಂಗಳೂರು ಜಿಲ್ಲೆಯ ಸ್ಥಳೀಯ ಭಾಷೆ ಯಾವುದು? ಅದಕ್ಕೂ ಒಂದು ಕಮಿಟಿ ಬೇಕೇ?

ಹೋಗಿ ನೋಡಿ. ಡೇಂಜರ್ ಎಂದು ಇಂಗ್ಲಿಷಿನಲ್ಲಿದೆ. ಖತರಾ ಎಂದು ಹಿಂದಿಯಲ್ಲಿದೆ. ಕನ್ನಡ ಎಲ್ಲಿ? ಎಷ್ಟೋ ಕಡೆ ಆ ಬುರುಡೆಯೊಂದೇ ನಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದೆ. ಮಾಲ್ ಮುಂದಿನ ಬೋರ್ಡಿಗೆ ಮಸಿ ಬಳಿದೆವು. ಸಂತೋಷ. ಆ ಬೋರ್ಡ್ ಓದಲು ಬಾರದಿದ್ದರೆ ಕನ್ನಡಿಗನಿಗೆ ಅವಮಾನವಾಗುತ್ತದೆ. ಈ ಬೋರ್ಡ್ ಓದಲು ಬಾರದಿದ್ದರೆ ಕನ್ನಡಿಗ ಸಾಯುತ್ತಾನೆ. ಯಾವುದಕ್ಕೆ ಮೊದಲು ಬೀದಿಗಿಳಿಯಬೇಕಿತ್ತು?

ಆರು ಸ್ವಿಚ್ಚು, ಒಂದಕ್ಕೂ ಕನ್ನಡವಿಲ್ಲ

ಈಗ ನನ್ನ ಕಥೆ. ಇದರಲ್ಲಿ ಬೈಯಲು ಬೇರೆ ಯಾರೂ ಸಿಗುವುದಿಲ್ಲ. ತಪ್ಪಿತಸ್ಥ ನಾನೇ.

2014ರ ಅಕ್ಟೋಬರ್ ಕೊನೆ. ರಾಜ್ಯೋತ್ಸವಕ್ಕೆ ಎರಡೇ ದಿನ. ಪ್ರೆಸ್ಸಿನವರಿಗೆ ಅದೇ ದೀಪಾವಳಿ, ಅದೇ ಪರೀಕ್ಷೆ. ಹತ್ತು ಸಾವಿರ ಕರಪತ್ರ, ಎರಡು ಕಲರು, ನನ್ನದು ಸಿಂಗಲ್ ಕಲರ್ ಆಫ್‌ಸೆಟ್ ಮೆಷಿನ್ನು. ಹಳದಿ ಹೊಡೆದಾಗಿತ್ತು, ಕೆಂಪು ಬಾಕಿ. ಬೆಳಿಗ್ಗೆಯಿಂದ ಮೆಷಿನ್ನಿನ ಫ್ಯೂಸು ಹೋಗುತ್ತಲೇ ಇತ್ತು. ಹಾಕಿದರೆ ಹತ್ತು ನಿಮಿಷ ಓಡುತ್ತದೆ, ಟಪ್ ಅಂತ ಹೋಗುತ್ತದೆ. ಮತ್ತೆ ಹಾಕು, ಮತ್ತೆ ಹೋಗು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ನಾಳೆ ಬರ್ತೀನಿ ಅಣ್ಣ" ಎಂದ. ನಾಳೆ ಬಂದರೆ ನನಗೆ ಏನು ಉಪಯೋಗ? ಸಂಘದವರು ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು.

ನಾನು ಪಿಯುಸಿ ಓದಿದವನು. ವಿಜ್ಞಾನವಲ್ಲ, ಕಾಮರ್ಸು. ಆದರೆ ಪ್ರೆಸ್ಸಿನಲ್ಲಿ ಹುಡುಗನಾಗಿ ಟ್ರೆಡಲ್ ತುಳಿದ ಕಾಲದಿಂದ ಒಂದು ಬುದ್ಧಿ ಕಲಿತಿದ್ದೆ. ಅರ್ಥ್ ತಂತಿ ಬಿಚ್ಚಿದರೆ ಫ್ಯೂಸು ಹೋಗುವುದಿಲ್ಲ! ಯಾರೋ ಹಳೆಯ ಮೆಷಿನ್‌ಮನ್ ಹೇಳಿಕೊಟ್ಟದ್ದು. ಬಿಚ್ಚಿದೆ. ಸಾಲದು ಎಂದು ಫ್ಯೂಸ್ ಕ್ಯಾರಿಯರಿಗೆ ಒಂದು ದಪ್ಪ ತಾಮ್ರದ ಎಳೆಯನ್ನೂ ಸುತ್ತಿದೆ. ಮೆಷಿನ್ನು ಓಡಿತು. ನಾನು ಮೀಸೆ ತಿರುವಿದೆ.

ನನ್ನ ಬುದ್ಧಿಗೆ ಬೆಂಕಿ ಹಾಕ! ಮೋಟಾರಿನೊಳಗೆ ಸುತ್ತಿನ ತಂತಿ ಸುಟ್ಟು ಕರೆಂಟು ಮೆಷಿನ್ನಿನ ಮೈಗೆ ಇಳಿಯುತ್ತಿತ್ತು. ಇಳಿದ ಕರೆಂಟನ್ನು ಅರ್ಥ್ ತಂತಿ ನೆಲಕ್ಕೆ ಒಯ್ಯುತ್ತಿತ್ತು, ಅದಕ್ಕೇ ಫ್ಯೂಸು ಹೋಗುತ್ತಿತ್ತು. ಬೆಳಿಗ್ಗೆಯಿಂದ ಆ ಫ್ಯೂಸು "ಓನರ್ರೇ, ನಿಲ್ಲಿಸಿ" ಎಂದು ಹೇಳುತ್ತಿದ್ದದ್ದು ಅದನ್ನೇ. ನಾನು ಅದರ ಬಾಯಿ ಹೊಲಿದೆ. ಈಗ ನೆಲಕ್ಕೆ ದಾರಿಯಿಲ್ಲದ ಕರೆಂಟು ಮೆಷಿನ್ನಿನ ಮೈ ತುಂಬ ಕೂತು ಕಾಯುತ್ತಿತ್ತು.

ಪಾವಗಡದ ಕಡೆಯ ಹುಡುಗ ಅವನು. ಕೆಂಪು ಇಂಕಿಗೆ ರೋಲರ್ ತೊಳೆಯಬೇಕಿತ್ತು. ಡ್ಯಾಂಪಿಂಗ್ ನೀರು ಚೆಲ್ಲಿ ನೆಲ ಒದ್ದೆ. ಕಾಲಲ್ಲಿ ಚಪ್ಪಲಿಯಿಲ್ಲ. ಮೆಷಿನ್ ಹತ್ತಿರ ಚಪ್ಪಲಿ ಹಾಕಬಾರದು ಎಂದು ನಾನೇ ರೂಲ್ ಮಾಡಿದ್ದೆ, ಪೇಪರಿಗೆ ಧೂಳು ಬೀಳುತ್ತದೆ ಎಂದು. ಒದ್ದೆ ಬಟ್ಟೆ ಹಿಡಿದು ಬ್ಲ್ಯಾಂಕೆಟ್ ಒರೆಸುತ್ತ ಎಡಗೈಯಲ್ಲಿ ಮೆಷಿನ್ನಿನ ಕಂಬಿ ಹಿಡಿದ. ಅಷ್ಟೇ.

ಕೂಗಲಿಲ್ಲ, ತಮ್ಮಂದಿರೇ. ಸಿನಿಮಾದಲ್ಲಿ ಕೂಗುತ್ತಾರೆ. ಕರೆಂಟು ಹಿಡಿದವನ ಗಂಟಲೂ ಬಿಗಿದುಕೊಳ್ಳುತ್ತದೆ. "ಹ್ಞಂ... ಹ್ಞಂ..." ಎಂಬ ಸದ್ದು, ಅಷ್ಟೇ. ನಾನು ಹೊರಗೆ ಫೋನಿನಲ್ಲಿದ್ದೆ. ಮೊದಲು ಕಂಡದ್ದು ಬೈಂಡಿಂಗ್ ಮಾಡುತ್ತಿದ್ದ ಅಕ್ಕನಿಗೆ. ಆಕೆ ಬುದ್ಧಿವಂತೆ. ಹುಡುಗನನ್ನು ಮುಟ್ಟಲಿಲ್ಲ, ನೇರ ಸ್ವಿಚ್ ಬೋರ್ಡಿಗೆ ಓಡಿದಳು.

ಅಲ್ಲಿ ಆರು ಸ್ವಿಚ್ಚು. ಒಂದೊಂದರ ಮೇಲೂ ಎಲೆಕ್ಟ್ರಿಷಿಯನ್ ಸ್ಕೆಚ್ ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ ಗೀಚಿ ಹೋಗಿದ್ದ, ಅದೂ ಪೂರ್ತಿ ಪದವಲ್ಲ, ಎರಡೆರಡು ಅಕ್ಷರ. ಆಕೆ ಏಳನೇ ಕ್ಲಾಸು, ಕನ್ನಡ ಶಾಲೆ. ಕನ್ನಡ ಪುಸ್ತಕದ ಪುಟ ಮಡಚಿ ಜೋಡಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ, ಒಂದು ಪುಟ ಹಿಂದೆಮುಂದೆ ಆದರೂ ಓದಿ ಹಿಡಿಯುತ್ತಿದ್ದಳು. ಆ ಆರು ಸ್ವಿಚ್ಚಿನ ಮುಂದೆ ಆಕೆ ಕುರುಡಿಯಾದಳು. ಮೊದಲನೆಯದು ಎಳೆದಳು, ಫ್ಯಾನು ನಿಂತಿತು. ಎರಡನೆಯದು ಎಳೆದಳು, ಲೈಟು ಹೋಗಿ ಇಡೀ ಶೆಡ್ಡು ಕತ್ತಲಾಯಿತು. ಕತ್ತಲಲ್ಲಿ ಆ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ಸಿಕ್ಕಿದ್ದನ್ನೆಲ್ಲ ಎರಡೂ ಕೈಯಲ್ಲಿ ಕೆಳಗೆಳೆದಳು. ಹುಡುಗ ಮೂಟೆಯಂತೆ ಬಿದ್ದ ಶಬ್ದ ನನಗೆ ಹೊರಗೆ ಕೇಳಿಸಿತು.

ಬದುಕಿದ. ಎಡ ಅಂಗೈ ಸುಟ್ಟು ಎರಡು ಬೆರಳು ಮಡಚಲು ಬಾರದಂತಾಯಿತು. ಆಸ್ಪತ್ರೆ ಖರ್ಚು ಕೊಟ್ಟೆ, ಅದರ ಮೇಲೂ ಕೊಟ್ಟೆ. ಕೊಟ್ಟೆ ಎಂದು ಹೇಳಿಕೊಳ್ಳುವುದು ನಾಚಿಕೆಗೇಡು. ಅವನ ತಾಯಿ ಊರಿಂದ ಬಂದಿದ್ದರು. "ನಿಮ್ ಮೇಲೆ ಸಿಟ್ಟಿಲ್ಲಣ್ಣಾ. ಅವ್ನು ಇನ್ನು ಮಿಷಿನ್ ಹತ್ರ ಬರಲ್ಲ, ಕುರಿ ಕಾಯ್ಕಂಡಿರ್ಲಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಸಾಯಂಕಾಲ ಶೆಡ್ಡಿನಲ್ಲಿ ಒಬ್ಬನೇ ಕೂತಿದ್ದೆ. ಸುತ್ತಲೂ ಹತ್ತು ಸಾವಿರ ಕರಪತ್ರ, ಬರೀ ಹಳದಿ. ಅದರ ಮೇಲೆ ಏನಿತ್ತು ಗೊತ್ತೇ? ಬೆಂಗಳೂರಿನ ಎಲ್ಲ ಬೋರ್ಡುಗಳೂ ಕನ್ನಡದಲ್ಲಿ ಇರಬೇಕು ಎಂಬ ಹಕ್ಕೊತ್ತಾಯ! ಅಚ್ಚು ಹಾಕುತ್ತಿದ್ದವನ ಸ್ವಿಚ್ ಬೋರ್ಡಿನಲ್ಲಿ ಕನ್ನಡದ ಒಂದು ಅಕ್ಷರವಿರಲಿಲ್ಲ.

ಫ್ಯೂಸು ನಿಮ್ಮನ್ನು ಕಾಯುವುದಿಲ್ಲ

ಆಮೇಲೆ ಬುದ್ಧಿ ಬಂತು, ತಡವಾಗಿ. ತಿಳಿದವರನ್ನು ಕೇಳಿದೆ, ಓದಿದೆ. ನಿಮಗೂ ಹೇಳುತ್ತೇನೆ, ಗಮನವಿಟ್ಟು ಕೇಳಿ.

ಹಳೆಯ 60 ವ್ಯಾಟಿನ ಬಲ್ಬು ಉರಿಯಲು ಸುಮಾರು 260 ಮಿಲಿ ಆಂಪಿಯರ್ ಕರೆಂಟು ಬೇಕು. ಅದರ ಎಂಟೊಂಬತ್ತರಲ್ಲಿ ಒಂದು ಪಾಲು, ಅಂದರೆ ಬರೀ 30 ಮಿಲಿ ಆಂಪಿಯರ್ ದಾಟಿ ಎದೆಯ ಮೂಲಕ ಹರಿಯುತ್ತ ಹೋದರೆ ಹೃದಯದ ಲಯ ಕೆಡುವ ಅಪಾಯ ಶುರುವಾಗುತ್ತದೆ. ಅದಕ್ಕಿಂತ ಕಡಿಮೆಯಲ್ಲೇ ಹಿಡಿದ ಕೈ ಬಿಡಲಾಗದಂತೆ ಬಿಗಿಯುತ್ತದೆ. ನಿಮ್ಮ ಫ್ಯೂಸು ಎಷ್ಟರದ್ದು? 16 ಆಂಪಿಯರ್. ಅಂದರೆ 16,000 ಮಿಲಿ ಆಂಪಿಯರ್! ನೀವು ಸತ್ತು ತಣ್ಣಗಾದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಫ್ಯೂಸು, ಎಂಸಿಬಿ ಇವೆಲ್ಲ ತಂತಿಯನ್ನು, ಮೆಷಿನ್ನನ್ನು ಕಾಯುವ ಕಾವಲುಗಾರರು. ಮನುಷ್ಯನನ್ನು ಕಾಯಲು ಬೇರೆ ಸಾಧನವಿದೆ, ಆರ್‌ಸಿಸಿಬಿ ಅನ್ನುತ್ತಾರೆ. ಹೋದ ಕರೆಂಟು ಪೂರ್ತಿ ವಾಪಸ್ ಬರುತ್ತಿದೆಯೇ ಎಂದು ಲೆಕ್ಕ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನಷ್ಟು ಲೆಕ್ಕ ತಪ್ಪಿದರೂ, ಅಂದರೆ ಯಾರ ಮೈ ಮೂಲಕವೋ ನೆಲಕ್ಕೆ ಸೋರಿದರೂ, ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸುತ್ತದೆ. ಅದರ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಟಪ್ಪೆಂದು ಬೀಳದಿದ್ದರೆ ಅದು ಗೋಡೆಯ ಅಲಂಕಾರ. ಬೆಲೆ? ಒಂದು ಸಣ್ಣ ಹ್ಯಾಂಡ್‌ಬಿಲ್ ಆರ್ಡರಿನಷ್ಟು. ಅಷ್ಟು ದುಡ್ಡು ನನ್ನ ಹತ್ತಿರ 2014ರಲ್ಲೂ ಇತ್ತು.

ಇನ್ನು ರಿಪೇರಿ. ನಮ್ಮ ಲೈನ್‌ಮನ್‌ಗಳನ್ನು ಕೇಳಿ. ಕಂಬ ಹತ್ತುವ ಮುಂಚೆ "ಎಲ್‌ಸಿ ತಗೊಂಡ್ಯಾ?" ಅನ್ನುತ್ತಾರೆ. ಲೈನ್ ಕ್ಲಿಯರ್. ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿ, ಆಫ್ ಮಾಡಿದ್ದೇವೆ ಎಂದು ಹೇಳಿ, ಬರೆದುಕೊಂಡ ಮೇಲೆಯೇ ಕೆಲಸ. ಅಷ್ಟಕ್ಕೇ ನಂಬುವ ಹಾಗಿಲ್ಲ. ತಂತಿಯನ್ನು ಪರೀಕ್ಷೆ ಮಾಡಿ, ಅದನ್ನು ಭೂಮಿಗೆ ಕಟ್ಟಿ, ಆಮೇಲೆ ಕೈ. ಯಾಕೆಂದರೆ ಯಾರದೋ ಕಟ್ಟಡದ ಜನರೇಟರು ಚೇಂಜ್‌ಓವರ್ ಇಲ್ಲದೆ ಹಿಂದುಮುಂದಾಗಿ ಕರೆಂಟು ತಳ್ಳಬಹುದು. ಈ ಕ್ರಮ ತಪ್ಪಿದ ಕಡೆ ಕಂಬದ ಮೇಲೆ ನೇತಾಡುವ ಹೆಣದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆ ಪತ್ರಿಕೆಯಲ್ಲಿ ನಾಳೆ ಬೋಂಡಾ ಕಟ್ಟುತ್ತಾರೆ.

ನಿಮ್ಮ ಫ್ಯಾಕ್ಟರಿಗೂ ಇದೇ ಕ್ರಮ. ಮೆಷಿನ್ನಿನೊಳಗೆ ಕೈ ಹಾಕುವವನು ತಾನೇ ಹೋಗಿ ಸ್ವಿಚ್ ಇಳಿಸಬೇಕು, ತಾನೇ ಅದಕ್ಕೆ ಬೀಗ ಹಾಕಬೇಕು, ಕೀಲಿ ಅವನ ಜೇಬಿನಲ್ಲೇ ಇರಬೇಕು. ಮ್ಯಾನೇಜರ್ ಜೇಬಲ್ಲೂ ಅಲ್ಲ, ಓನರ್ ಜೇಬಲ್ಲೂ ಅಲ್ಲ. ಟೆಸ್ಟರ್ ಹಿಡಿದು ನೋಡಬೇಕು, ಅದಕ್ಕೂ ಮುಂಚೆ ಆ ಟೆಸ್ಟರನ್ನು ಕರೆಂಟಿರುವ ಜಾಗದಲ್ಲಿ ಹಿಡಿದು ಅದು ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬೀಗದ ಜೊತೆ ಒಂದು ಚೀಟಿ. ಕನ್ನಡದಲ್ಲಿ.

ಈ ಚೀಟಿಯ ಬಗ್ಗೆ ಅಚ್ಚಿನವನಾಗಿ ಒಂದು ಮಾತು. ದೊಡ್ಡ ಕಂಪನಿಗಳು ಕೆಲವು ಬಾರಿ ಕನ್ನಡ ಬೋರ್ಡ್ ಮಾಡಿಸಲು ಬರುತ್ತವೆ. ಯಾರೋ ಇಂಗ್ಲಿಷಿನಿಂದ ಇಳಿಸಿದ ಮ್ಯಾಟರ್ ಕಳಿಸುತ್ತಾರೆ: "ವಿದ್ಯುತ್ ಚಾಲಿತ ಉಪಕರಣಗಳ ನಿರ್ವಹಣಾ ಕಾರ್ಯವು ಪ್ರಗತಿಯಲ್ಲಿರುವುದರಿಂದ ಅನಧಿಕೃತ ವ್ಯಕ್ತಿಗಳು ಸದರಿ ಫಲಕವನ್ನು ಚಾಲನೆಗೊಳಿಸತಕ್ಕದ್ದಲ್ಲ." ಓದಿ ಮುಗಿಸುವಷ್ಟರಲ್ಲಿ ತಿಥಿ ಮುಗಿದಿರುತ್ತದೆ! ಇನ್ನು ಕೆಲವರ ಮ್ಯಾಟರಿನಲ್ಲಿ ಫಾಂಟ್ ಒಡೆದು ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ, ವಿದ್ಯುತ್ ಹೋಗಿ ಇನ್ನೇನೋ ಆಗಿರುತ್ತದೆ, ನೋಡುವವರಿಲ್ಲ. ಇಂಥ ಕನ್ನಡ ಇಂಗ್ಲಿಷಿಗಿಂತ ಕಡೆ. ನನ್ನ ಪ್ರೆಸ್ಸಿನ ಚೀಟಿಯಲ್ಲಿ ಇಷ್ಟೇ ಇದೆ: "ಸ್ವಿಚ್ ಮುಟ್ಟಬೇಡಿ. ಒಳಗೆ ಕೈಯಿದೆ." ಬೈಂಡಿಂಗ್ ಅಕ್ಕನೇ ಬರೆದುಕೊಟ್ಟ ಮಾತು.

ಇದಕ್ಕೆ ನೀವು ಹೇಳುವ ಮಾತೂ ನನಗೆ ಗೊತ್ತು. "ಅಣ್ಣ, ಕನ್ನಡದಲ್ಲಿ ಬರೆದುಬಿಟ್ರೆ ಕರೆಂಟ್ ಹೊಡೆಯಲ್ವಾ?" ಹೊಡೆಯುತ್ತದೆ. ಕರೆಂಟಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಅವತ್ತು ನನ್ನ ಬೋರ್ಡಿನಲ್ಲಿ ಕನ್ನಡವಿದ್ದಿದ್ದರೆ ಅರ್ಥ್ ತಂತಿ ಬಿಚ್ಚಿದ ನನ್ನ ಪಾಪ ಕಳೆಯುತ್ತಿರಲಿಲ್ಲ. ಹುಡುಗ ಆಗಲೂ ಅಂಟಿಕೊಳ್ಳುತ್ತಿದ್ದ. ಆದರೆ ಆ ಅಕ್ಕ ಮೊದಲನೇ ಏಟಿಗೇ ಸರಿಯಾದ ಸ್ವಿಚ್ ಎಳೆಯುತ್ತಿದ್ದಳು. ಅವನ ಎರಡು ಬೆರಳು ಉಳಿಯುತ್ತಿದ್ದವು.

"ಡೇಂಜರ್ ಅಂದ್ರೆ ಎಲ್ರಿಗೂ ಗೊತ್ತಲ್ವಾ" ಎನ್ನುವ ಬುದ್ಧಿಜೀವಿಗಳೂ ಇದ್ದಾರೆ. ಅಪಾಯವಿದೆ ಎಂದು ತಿಳಿಯುವುದು ಬೇರೆ, ಅಪಾಯದಲ್ಲಿ ಏನು ಮಾಡಬೇಕು ಎಂದು ತಿಳಿಯುವುದು ಬೇರೆ. ಬುರುಡೆ ನೋಡಿದರೆ ಮೊದಲನೆಯದು ತಿಳಿಯುತ್ತದೆ. ಎರಡನೆಯದಕ್ಕೆ ಅಕ್ಷರ ಬೇಕು, ಅದು ನಮ್ಮ ಅಕ್ಷರವೇ ಆಗಿರಬೇಕು.

ಪೀಣ್ಯದ ಶೆಡ್ಡುಗಳಲ್ಲಿ ಇವತ್ತು ಬಿಹಾರದ, ಒಡಿಶಾದ ಹುಡುಗರೂ ದುಡಿಯುತ್ತಿದ್ದಾರೆ. ಅವರ ಬಗ್ಗೆ ಏನು ಎಂದು ಕೇಳುತ್ತೀರಿ. ಬೋರ್ಡಿನಲ್ಲಿ ಕನ್ನಡ ಇರಲೇಬೇಕು, ಅದು ಕಾನೂನು, ಅದರಲ್ಲಿ ರಾಜಿ ಇಲ್ಲ. ಆದರೆ ಆ ಹುಡುಗನಿಗೆ ಯಾವ ಸ್ವಿಚ್ ಏನು ಎಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಡದ ಮಾಲೀಕ ಕನ್ನಡಿಗನಾದರೂ ಕಟುಕನೇ. ಅವನ ತಾಯಿಯೂ ಅಲ್ಲೆಲ್ಲೋ ಫೋನಿಗೆ ಕಾಯುತ್ತಿರುತ್ತಾಳೆ.

ಇನ್ಸ್‌ಪೆಕ್ಟರ್ ಬರುತ್ತಾನೆಂದು ಕಾಯಬೇಡಿ

ಎಷ್ಟೋ ಜನಕ್ಕೆ ಒಂದು ಭ್ರಮೆಯಿದೆ, ಸರ್ಕಾರ ನೋಡಿಕೊಳ್ಳುತ್ತದೆ ಎಂದು. 1948ರ ಕಾರ್ಖಾನೆ ಕಾಯ್ದೆಯಲ್ಲಿ ನೋಟಿಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದು 108ನೇ ಸೆಕ್ಷನ್ನಿನಲ್ಲಿ ಬರೆದಿದ್ದರು. ಒಳ್ಳೆಯ ಮಾತು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಕರೆಂಟು ಬಳಸುವ ಜಾಗದಲ್ಲಿ 10 ಜನ ದುಡಿದರೆ ಮಾತ್ರ ಅದು ಕಾರ್ಖಾನೆ. 2020ರ ಹೊಸ ಸಂಹಿತೆ ಆ ಹತ್ತನ್ನು 20 ಮಾಡಿತು. ನನ್ನ ಪ್ರೆಸ್ಸಿನಲ್ಲಿ ಆರು ಜನ. ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ ನಾಲ್ಕು. ಎದುರಿನ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿನಲ್ಲಿ ಹನ್ನೆರಡು. ನಾವ್ಯಾರೂ ಕಾರ್ಖಾನೆಯಲ್ಲ! ಆದರೆ ವಿದ್ಯುತ್ ನಿಯಮಕ್ಕೆ ಈ ತಲೆ ಎಣಿಕೆ ಇಲ್ಲ. ಒಬ್ಬನೇ ದುಡಿದರೂ ಅಪಾಯದ ಫಲಕ ಬೇಕು, ಅರ್ಥಿಂಗ್ ಬೇಕು. ಕರೆಂಟಿನಿಂದ ಪ್ರಾಣ ಹೋದರೆ, ಗಾಯವಾದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಓದಿ. ನಾನು ಅವತ್ತು ತಿಳಿಸಿದೆನೇ? ಇಲ್ಲ. ಮುಚ್ಚಿಹಾಕಿದೆ. ಎಲ್ಲರೂ ಮಾಡುವುದು ಅದೇ. ಹೀಗಿದ್ದೂ 2021ರ ಒಂದೇ ವರ್ಷದಲ್ಲಿ ದೇಶದಲ್ಲಿ ಕರೆಂಟಿಗೆ ಸತ್ತವರ ಸಂಖ್ಯೆ 12 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು.

2023ರ ನವೆಂಬರ್ 19ರ ಬೆಳಗಿನ ಜಾವ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ ಫುಟ್‌ಪಾತಿನ ಮೇಲೆ ಹರಿದುಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಆಕೆಯ ಒಂಬತ್ತು ತಿಂಗಳ ಕೂಸು ಸುಟ್ಟು ಹೋದರು. ಇಡೀ ಬೆಂಗಳೂರು ಬೆಸ್ಕಾಂ ಮೇಲೆ ಹರಿಹಾಯ್ದಿತು, ಅಧಿಕಾರಿಗಳು ಅಮಾನತಾದರು. ಸರಿಯೇ. ಆದರೆ ಮೀಟರಿನಿಂದ ಒಳಗಿನ ತಂತಿ ಯಾರದು? ಅದು ಬೆಸ್ಕಾಂನದಲ್ಲ. ಅದು ನನ್ನಂಥ ಓನರುಗಳದ್ದು. ಅಲ್ಲಿ ಸತ್ತವರಿಗಾಗಿ ಯಾವ ಮೊಂಬತ್ತಿ ಮೆರವಣಿಗೆಯೂ ಹೊರಡುವುದಿಲ್ಲ. ಗೇಟು ಮುಚ್ಚಿ, ಒಂದು ಕವರ್ ಕೊಟ್ಟು, ಆಂಬುಲೆನ್ಸಿನಲ್ಲಿ ಊರಿಗೆ ಕಳಿಸುತ್ತಾರೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ನಾಡು ನಮ್ಮದು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಭಾಷಣದಲ್ಲಿ ಇದನ್ನು ಹೇಳಿ ಎದೆ ಉಬ್ಬಿಸುತ್ತೇವೆ. ನೂರಿಪ್ಪತ್ತು ವರ್ಷ ಕರೆಂಟಿನ ಜೊತೆ ಬದುಕಿದವರು ಮೇನ್ ಸ್ವಿಚ್ಚಿಗೆ ಕನ್ನಡದ ಹೆಸರಿಡಲು ಇನ್ನೂ ಪುರುಸೊತ್ತು ಮಾಡಿಕೊಂಡಿಲ್ಲ!

ನಮ್ಮ ಬಾವುಟದ ಕಂಬ

ಈಗ ನಿಮ್ಮ ತಪ್ಪಿಗೆ ಬರುತ್ತೇನೆ. ನನ್ನದನ್ನು ಮುಚ್ಚಿಡದೆ ಹೇಳಿದ್ದೇನೆ, ಇನ್ನು ನಿಮ್ಮದು.

2024ರ ಜನವರಿ 8. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿ. ನಟ ಯಶ್ ಹುಟ್ಟುಹಬ್ಬಕ್ಕೆ ರಾತ್ರಿ ದೊಡ್ಡ ಬ್ಯಾನರ್ ನಿಲ್ಲಿಸುತ್ತಿದ್ದಾಗ ಅದರ ಲೋಹದ ಚೌಕಟ್ಟು ಮೇಲಿನ ತಂತಿಗೆ ತಗುಲಿತು. ಮೂವರು ಹುಡುಗರು ಸತ್ತರು. ಮೂವರೂ ಇಪ್ಪತ್ತರ ಆಸುಪಾಸಿನವರು, ನಿಮ್ಮ ವಯಸ್ಸು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬ್ಯಾನರ್ ಹೊಡೆದುಕೊಡುವುದು ನನ್ನಂಥವರೇ ತಾನೆ? ದುಡ್ಡು ಎಣಿಸಿ ಗಲ್ಲಾಕ್ಕೆ ಹಾಕಿದರೆ ನಮ್ಮ ಕೆಲಸ ಮುಗಿಯಿತು. ಕಂಬ ಹತ್ತುವವರು ನೀವು.

ನವೆಂಬರ್ ತಿಂಗಳಲ್ಲಿ ನೀವು ಮಾಡುವುದೇನು? ಇಪ್ಪತ್ತಡಿ ಕಬ್ಬಿಣದ ಪೈಪು, ಮೇಲೆ ನಮ್ಮ ಬಾವುಟ. ರಾತ್ರಿ ಹನ್ನೊಂದಕ್ಕೆ ನಾಲ್ಕು ಜನ ಸೇರಿ ಎತ್ತುತ್ತೀರಿ, "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎಂದು. ತಲೆಯ ಮೇಲೆ ಹನ್ನೊಂದು ಸಾವಿರ ವೋಲ್ಟ್ ಕತ್ತಲಲ್ಲಿ ಕಾಣುವುದೇ ಇಲ್ಲ. ಆ ತಂತಿಗೂ ಕಟ್ಟಡಕ್ಕೂ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರವಾದರೂ ಇರಬೇಕೆಂದು ನಿಯಮವಿದೆ. ನಮ್ಮ ಬಡಾವಣೆಗಳಲ್ಲಿ ಬಾಲ್ಕನಿಯಿಂದ ಕೈ ಚಾಚಿದರೆ ತಂತಿ. ಸೀರಿಯಲ್ ಸೆಟ್ಟಿಗೆ ಬೀದಿ ಕಂಬದಿಂದಲೇ ಕೊಕ್ಕೆ ಹಾಕಿ ಕರೆಂಟು ಎಳೆಯುತ್ತೀರಿ, ಮಳೆಯಲ್ಲಿ ಆ ಕೊಕ್ಕೆ ತೊಯ್ಯುತ್ತಿರುತ್ತದೆ. ಪೆಂಡಾಲಿನ ಕಬ್ಬಿಣದ ಕಂಬಕ್ಕೆ ಟೇಪು ಸುತ್ತಿದ ತಂತಿ ಒರಗಿರುತ್ತದೆ. ನಾನು ಹೇಳಿದರೆ, "ಏನಾಗಲ್ಲ ಬಿಡಣ್ಣ, ವರ್ಷವೂ ಮಾಡ್ತೀವಿ" ಅನ್ನುತ್ತೀರಿ. ನಾನೂ ಅರ್ಥ್ ತಂತಿಯನ್ನು ಎಷ್ಟೋ ಸಲ ಬಿಚ್ಚಿದ್ದೆ, ಏನೂ ಆಗಿರಲಿಲ್ಲ.

ಬಿದಿರಿನ ಕಂಬ ಹಾಕಿ, ಅದೂ ಒಣಗಿದ್ದು, ತಂತಿಯಿಂದ ದೂರ. ಒದ್ದೆ ಬಿದಿರನ್ನೂ ನಂಬಬೇಡಿ. ಹಗಲಲ್ಲೇ ಎತ್ತಿ. ತಂತಿ ಹತ್ತಿರವಿದ್ದರೆ 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರನ್ನು ಕರೆಸಿ, ಕನ್ನಡದಲ್ಲೇ ಮಾತಾಡಿ.

ಇಷ್ಟಾದರೂ ಯಾರನ್ನಾದರೂ ಕರೆಂಟು ಹಿಡಿದರೆ ಓಡಿಹೋಗಿ ತಬ್ಬಬೇಡಿ, ಇಬ್ಬರಾಗುತ್ತೀರಿ. ಮೊದಲು ಸ್ವಿಚ್. ಸಿಗದಿದ್ದರೆ, ಮನೆಯ ಅಥವಾ ಶೆಡ್ಡಿನ ಕರೆಂಟಾದರೆ, ಒಣ ಮರದ ತುಂಡಿನಿಂದ ತಂತಿಯನ್ನು ಸರಿಸಿ. ಬೀದಿಯ ಹೈಟೆನ್ಷನ್ ಆದರೆ ಹತ್ತಿರವೇ ಹೋಗಬೇಡಿ. ಬಿದ್ದವನಿಗೆ ಉಸಿರಿಲ್ಲದಿದ್ದರೆ ಕಾಲು ಉಜ್ಜುವುದು, ಬಾಯಿಗೆ ನೀರು ಹುಯ್ಯುವುದು ಮಾಡಬೇಡಿ. ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರಿನಷ್ಟು ತಗ್ಗುವಂತೆ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಇದನ್ನು ಹೇಳುವ ಚಾರ್ಟು ಕೂಡ ಸ್ಥಳೀಯ ಭಾಷೆಯಲ್ಲಿ ಗೋಡೆಯ ಮೇಲಿರಬೇಕೆಂದು 1956ರ ನಿಯಮದಲ್ಲೇ, 44ನೇದರಲ್ಲಿ, ಇತ್ತು. ಹಲವು ಕಡೆ ಧೂಳು ಹಿಡಿದು ನೇತಾಡುವ ಹಳೆಯ ಚಾರ್ಟಿನಲ್ಲಿ ಬಿದ್ದವನನ್ನು ಬೋರಲು ಮಲಗಿಸಿ ಬೆನ್ನು ಒತ್ತುವ ಚಿತ್ರವಿದೆ. ಅದು ಬಳಕೆ ತಪ್ಪಿದ ಪದ್ಧತಿ. ಕಿತ್ತು ಹಾಕಿ, ಹೊಸದು ತೂಗುಹಾಕಿಸಿ.

ನಾಳೆ ಕೆಲಸಕ್ಕೆ ಹೋದಾಗ ಪ್ಯಾನಲ್ ಬೋರ್ಡಿನ ಮುಂದೆ ನಿಂತು ಓದಿ. ನೀವು ಐಟಿ ಕಂಪನಿಯಲ್ಲಿದ್ದರೂ ಸರಿ, ಅಲ್ಲಿಯೂ ನೆಲಮಾಳಿಗೆಯಲ್ಲಿ ಯುಪಿಎಸ್ ರೂಮಿದೆ, ಅಲ್ಲಿ ನೆಲ ಒರೆಸುವ ಅಮ್ಮನಿಗೆ ಕನ್ನಡ ಮಾತ್ರ ಬರುತ್ತದೆ. ಕನ್ನಡವಿಲ್ಲದಿದ್ದರೆ ಮೊದಲು ಮಾಲೀಕರನ್ನು ಮರ್ಯಾದೆಯಿಂದ ಕೇಳಿ. ಹದಿನೈದು ದಿನ ಕೊಡಿ. ಆಮೇಲೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಕನ್ನಡದಲ್ಲಿ ಅರ್ಜಿ ಬರೆಯಿರಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಒಬ್ಬರೇ ಬರೆದರೆ ಕೆಲಸ ಹೋದೀತೆಂಬ ಭಯವಿದ್ದರೆ ಸಂಘದ ಹೆಸರಿನಲ್ಲಿ ಬರೆಯಿರಿ. ಸಂಘ ಇನ್ನು ಯಾತಕ್ಕಿದೆ, ಬರೀ ಆರ್ಕೆಸ್ಟ್ರಾ ನಡೆಸಲಿಕ್ಕೇ?

ಬೋರ್ಡಿನ ಖರ್ಚಿಗೆ ಯೋಚನೆ ಬೇಡ. ಅಪಾಯದ ಫಲಕ, ಸ್ವಿಚ್ಚಿನ ಹೆಸರಿನ ಸ್ಟಿಕ್ಕರು, ಬೀಗದ ಚೀಟಿ, ಶಾಕ್ ಚಾರ್ಟು ನಾಲ್ಕನ್ನೂ ಅಚ್ಚು ಹಾಕಿಟ್ಟಿದ್ದೇನೆ. ಕಾಗದದ ದುಡ್ಡು ಕೊಟ್ಟರೆ ಸಾಕು, ಕೊಡಲಾಗದಿದ್ದರೆ ಅದೂ ಬೇಡ. ಚಿಕ್ಕಬಾಣಾವರಕ್ಕೆ ಬನ್ನಿ, ನಮ್ಮ ಸಂಘದ ಹುಡುಗರನ್ನು ಕೇಳಿದರೆ ಪ್ರೆಸ್ಸು ತೋರಿಸುತ್ತಾರೆ. ಬಂದಾಗ ಒಳಗಿನ ಸ್ವಿಚ್ ಬೋರ್ಡನ್ನೂ ನೋಡಿಕೊಂಡು ಹೋಗಿ. ಆರಕ್ಕೆ ಆರೂ ಕನ್ನಡ, ಬೈಂಡಿಂಗ್ ಅಕ್ಕನ ಕೈಬರಹ. ಫಲಕ ಹೊಡೆಯುವಾಗ ಮಾತ್ರ, ಆ ಗೋಡೆಯೊಳಗೆ ವೈರು ಹೋಗಿದೆಯೇ ಎಂದು ವಿಚಾರಿಸಿಕೊಂಡು ಮೊಳೆ ಹೊಡೆಯಿರಿ.